ಬಿದ್ದ ಗಾಜು, ಎಸೆದ ಗಾಜು

ಬೆಳಗಿನ ಐದು ಮುಕ್ಕಾಲು. ಊರಿನ್ನೂ ಹೊದಿಕೆಯೊಳಗೆ ಮಗ್ಗುಲು ಬದಲಿಸುತ್ತಿರುವ ಹೊತ್ತು. ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ, ಆರಡಿ ಉದ್ದ ನಾಲ್ಕಡಿ ಅಗಲದ ಅಂಗಡಿಯಲ್ಲಿ ಮಾತ್ರ ಒಂದು ದೀಪ ಎಚ್ಚರವಾಗಿದೆ. ಅದರ ಬೆಳಕಿನಲ್ಲಿ ತಲೆ ಬಗ್ಗಿಸಿ ಕೂತಿರುವ ಹೆಂಗಸಿನ ಬಲಗಣ್ಣಿಗೆ ಗಡಿಯಾರ ರಿಪೇರಿಯವರು ಹಾಕುವಂಥ ಭೂತಗನ್ನಡಿ. ಎದುರಿಗೆ ಬಿಸಿ ತಟ್ಟೆ, ತಟ್ಟೆಯ ಮೇಲೊಂದು ಮೊಬೈಲ್ ಫೋನು. ಒಳಗಿನ ಅಂಟು ಸಡಿಲವಾಗಲು ನಾಲ್ಕು ನಿಮಿಷ ಬೇಕು. ಆ ನಾಲ್ಕು ನಿಮಿಷ ಅವರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಾರೆ. ಜಪವೋ ಲೆಕ್ಕವೋ ಎಂದು ಕೇಳಿದರೆ ನಗುತ್ತಾರೆ: "ಎರಡೂ. ದೇವರ ಹೆಸರು ಇನ್ನೂರು ಸಲ ಹೇಳಿದ್ರೆ ಅಂಟು ಸರಿಯಾಗಿ ಬಿಡುತ್ತೆ. ಗಡಿಯಾರ ನೋಡೋದೇ ಬೇಡ."

ಅಂಟು ಬಿಟ್ಟಿದೆ. ಗಾಜಿಗೆ ರಬ್ಬರಿನ ಪುಟ್ಟ ಬಟ್ಟಲೊಂದನ್ನು ಒತ್ತಿ ಎಳೆದು, ಬಾಯಿ ಬಿಟ್ಟ ಸಂದಿಯಲ್ಲಿ ಉಗುರಿಗಿಂತ ತೆಳುವಾದ ಪ್ಲಾಸ್ಟಿಕ್ ಚೂರು ತೂರಿಸಿ, ನಾಲ್ಕೂ ಬದಿ ಸುತ್ತಿ ಬರುತ್ತಾರೆ. ಒಡೆದ ಗಾಜು ಹಾಲಿನ ಕೆನೆಯಂತೆ ಮೇಲೇಳುತ್ತದೆ. ಈ ಕೆಲಸಕ್ಕೆ ನಸುಕೇ ಆಗಬೇಕಂತೆ. ರಸ್ತೆ ಏಳುವ ಮೊದಲು ಧೂಳೂ ಎದ್ದಿರುವುದಿಲ್ಲ. ಹೊಸ ಗಾಜಿನಡಿ ಒಂದು ಕಣ ಕೂತರೂ ಅದು ಜನ್ಮವಿಡೀ ಕಣ್ಣಿಗೆ ಚುಚ್ಚುತ್ತಿರುತ್ತದೆ. ಗಂಡ ಬಸ್ ಚಾಲಕ, ಐದೂವರೆಯ ಮೊದಲ ಬಸ್ಸು ಅವರದು. ಹೆಂಡತಿಯನ್ನೂ ತಾಯಿಯನ್ನೂ ಅಂಗಡಿಗೆ ಬಿಟ್ಟು, ಹಾರ್ನನ್ನು ಒಮ್ಮೆ ಮೆಲ್ಲಗೆ ಒತ್ತಿ ಹೊರಟುಬಿಡುತ್ತಾರೆ.

ಸುತ್ತಲಿನ ನಾಲ್ಕು ಕಾಲೇಜುಗಳ ಹುಡುಗ ಹುಡುಗಿಯರಿಗೆ ನಲವತ್ತಮೂರರ ಈ ಹೆಂಗಸು ಗಾಜಕ್ಕ. ಪಕ್ಕದಲ್ಲಿ ಕೂತಿರುವ ಅತ್ತೆ ಟೂತ್‌ಬ್ರಷ್ ಅಜ್ಜಿ. ಹಲ್ಲುಜ್ಜುವ ಬ್ರಷ್ಷನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಫೋನುಗಳ ಕಿವಿ ಬಾಯಿ ಶುಚಿ ಮಾಡುವುದು ಅವರ ಪಾಲಿನ ಕೆಲಸ. ಎಪ್ಪತ್ತೊಂದರ ಅಜ್ಜಿಗೆ ಉಳಿದಿರುವುದು ನಾಲ್ಕೇ ಹಲ್ಲು. ಬ್ರಷ್ ದಂಡವಾಗಬಾರದಲ್ಲ ಎಂಬುದು ಅವರ ಸಮಜಾಯಿಷಿ.

ಎದುರಿನ ಸ್ಟೂಲಿನ ಮೇಲೆ ಕೂತಿರುವವಳು ಹದಿನೇಳರ ಹುಡುಗಿ. ಫೋನು ಅವಳದು. ಎರಡು ತಿಂಗಳಲ್ಲಿ ಇದು ಮೂರನೆಯ ಗಾಜು. ಹೇಗೆ ಒಡೆಯಿತೆಂದು ಗಾಜಕ್ಕ ಕೇಳಲಿಲ್ಲ. ಕೇಳದಿದ್ದರೂ ಅವಳೇ ಹೇಳಿದ್ದಾಳೆ, ಕೈ ಜಾರಿತು ಎಂದು. ಮೊದಲೆರಡು ಸಲವೂ ಕೈಯೇ ಜಾರಿತ್ತು. ಫೋನು ಆರಿಸಿ ಇಟ್ಟಾಗಿನಿಂದ ಆ ಕೈ ಸುಮ್ಮನಿಲ್ಲ, ಖಾಲಿ ಜೇಬನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದೆ. ಹತ್ತು ನಿಮಿಷ ಕಳೆದ ಮೇಲೆ ತಡೆಯಲಾರದೆ ಒಂದು ಉಪಕಾರ ಕೇಳುತ್ತಾಳೆ. ಬಿಚ್ಚಿಟ್ಟ ಫೋನಿನ ಫೋಟೋ ತೆಗೆದು, ಗೋಡೆಯ ಗಡಿಯಾರವೂ ಕಾಣುವ ಹಾಗೆ, ಒಂದು ನಂಬರಿಗೆ ಕಳಿಸಬೇಕಂತೆ. ಇಲ್ಲದಿದ್ದರೆ ಫೋನು ರಿಪೇರಿಗಾಗಿಯೇ ಆರಿತ್ತೆಂದು ಅವಳ ಗೆಳೆಯ ನಂಬುವುದಿಲ್ಲ.

ಗಾಜಕ್ಕ ಮರುಮಾತಿಲ್ಲದೆ ತಮ್ಮ ಫೋನಿನಿಂದ ಫೋಟೋ ತೆಗೆದು ಕಳಿಸುತ್ತಾರೆ. ಕಳಿಸದೆ ಬುದ್ಧಿ ಹೇಳುತ್ತ ಕೂತರೆ ಅದರ ಫಲ ಉಣ್ಣುವವಳು ಈ ಹುಡುಗಿ ಎಂಬುದು ಅವರಿಗೆ ಗೊತ್ತು.

ಹೊಸ ಗಾಜು ಕೂತಿತು. ಮೇಲೆ ಐದು ರಬ್ಬರ್ ಬ್ಯಾಂಡುಗಳ ಬಿಗಿ ಕಟ್ಟು. ಅಂಟು ಗಟ್ಟಿಯಾಗಲು ಸಂಜೆಯಾಗಬೇಕು. ಅಲ್ಲಿಯವರೆಗೆ ಅಂಕಿ ಒತ್ತಿ ಫೋನು ತೆರೆದುಕೊಳ್ಳಬಹುದು, ಬೆರಳಚ್ಚು ಮಾತ್ರ ಕೊಡುವಂತಿಲ್ಲ. ಈ ಫೋನಿನಲ್ಲಿ ಬೆರಳು ಇಡುವ ಜಾಗ ಗಾಜಿನಡಿಯಲ್ಲೇ ಇದೆ. ಗಾಜು ಬದಲಾದರೆ ಅದು ಒಡತಿಯನ್ನೇ ಮರೆತುಬಿಡುತ್ತದೆ, ಹೊಸದಾಗಿ ಪರಿಚಯ ಮಾಡಿಸಬೇಕು. ಹುಡುಗಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಲ್ಲುತ್ತಾಳೆ.

"ಸಂಜೆ ಐದಕ್ಕೆ ಬರ್ತೀನಿ ಅಕ್ಕ. ಅವನೂ ಬರ್ತಾನೆ, ಬೆರಳು ಇಡೋಕೆ."

ಮೊದಲೆರಡು ಸಲವೂ ಅವನು ಬಂದಿದ್ದ. ಅವಳ ಹೆಬ್ಬೆರಳ ಗುರುತು ಒಂದು, ಅವನ ಹೆಬ್ಬೆರಳ ಗುರುತು ಒಂದು. ಅವಳ ಫೋನನ್ನು ಅವನು ಯಾವಾಗ ಬೇಕಾದರೂ ತೆರೆಯಬಲ್ಲ. ಅವನ ಫೋನು ಹೇಗೆ ತೆರೆಯುತ್ತದೆಂದು ಅವಳಿಗೆ ಗೊತ್ತಿಲ್ಲ.

ಹುಡುಗಿ ಹತ್ತಿದ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಗಾಜಕ್ಕ ಭೂತಗನ್ನಡಿ ತೆಗೆದಿಟ್ಟು ನೋಡುತ್ತಾರೆ. ಆಮೇಲೆ ಅತ್ತೆಯ ಕಡೆ ತಿರುಗಿದಾಗ ಅವರ ಮುಖದಲ್ಲಿ ಹೊಸ ಕಳೆ ಬಂದಿದೆ. "ಎರಡು ಗಂಟೆಗೆ ಅವಳ ಕಾಲೇಜಲ್ಲೇ ಅಲ್ವಾ ನಂಗೆ ಅರ್ಧ ಗಂಟೆ ಕೊಟ್ಟಿರೋದು? ಅವಳೂ ಕೂತಿರ್ತಾಳೆ. ಇವತ್ತು ಸಂಜೆ ಆ ಫೋನಿಗೆ ಒಂದೇ ಬೆರಳು ಬೀಳ್ಬೇಕು ಅತ್ತೆ."

ಅಜ್ಜಿ ಬ್ರಷ್ ಒದರುತ್ತ ಹೇಳುತ್ತಾರೆ, ಮೊದಲು ಬಾಯಿಗೆ ಬೀಗ ಹಾಕಿಕೊಳ್ಳುವುದನ್ನು ಅಭ್ಯಾಸ ಮಾಡು ಎಂದು.

ಬೀಗದ ಮಾತಿಗೆ ಕಾರಣವಿದೆ. ಮಕ್ಕಳ ಜೊತೆ ಮಾತಾಡಲು ಅವಕಾಶ ಕೊಡಿ ಎಂದು ಗಾಜಕ್ಕ ಆ ಕಾಲೇಜಿನ ಮೆಟ್ಟಿಲು ಹತ್ತಿದ್ದು ಮೂರು ಸಲ. ಮೂರು ಸಲವೂ ಪ್ರಿನ್ಸಿಪಾಲರು ಕುರ್ಚಿ ಕೊಟ್ಟು, ನೀರು ಕೊಟ್ಟು, ನಮ್ಮ ಕಾಲೇಜಿನಲ್ಲಿ ಅಂಥದ್ದೆಲ್ಲ ಇಲ್ಲ ಎಂದು ಸಮಾಧಾನವಾಗಿಯೇ ಕಳಿಸಿಕೊಟ್ಟಿದ್ದರು. ನಾಲ್ಕನೆಯ ಸಲ ಗಾಜಕ್ಕ ಜಾಣತನ ತೋರಿಸಿ ಮೊಬೈಲ್ ಫೋನಿನ ಆರೈಕೆಯ ಬಗ್ಗೆ ಮಾತಾಡುತ್ತೇನೆ ಎಂದರು. ಒಪ್ಪಿಗೆ ಸಿಕ್ಕಿತು, ಒಂದು ಷರತ್ತಿನ ಮೇಲೆ: ಮೂವತ್ತು ನಿಮಿಷ, ಫೋನಿನ ವಿಷಯ ಮಾತ್ರ, ಪ್ರೀತಿ ಎಂಬ ಪದ ಬಾಯಿಂದ ಬಂದರೆ ಅಲ್ಲಿಗೆ ಸಭೆ ಮುಗಿಯಿತು, ಮತ್ತೆಂದೂ ಕರೆಯುವುದಿಲ್ಲ.

ಗಾಜಕ್ಕ ಹುಟ್ಟಿದ್ದು ಇದೇ ಮೆಟ್ಟಿಲ ಕೆಳಗೆ ಎಂದರೂ ಸರಿ. ಇದು ಅಪ್ಪನ ಕೈಗಡಿಯಾರದ ಅಂಗಡಿ; ಭೂತಗನ್ನಡಿ ಅವರದೇ. ಜನ ಗಂಟೆ ನೋಡಲು ಫೋನು ತೆಗೆಯತೊಡಗಿದ ಮೇಲೆ ಅಪ್ಪನ ಕೈಗೆ ಕೆಲಸವಿಲ್ಲದಾಯಿತು. ಮಗಳು ಮದುವೆಯಾದ ಹೊಸತರಲ್ಲಿ, ಹದಿನಾರು ವರ್ಷದ ಹಿಂದೆ, ಅದೇ ಚಿಮಟ ಅದೇ ಸ್ಕ್ರೂಡ್ರೈವರ್ ಹಿಡಿದು ಫೋನು ಬಿಚ್ಚಲು ಕೂತರು. ಬಂದ ಗಿರಾಕಿಗಳು ಯಜಮಾನರಿಲ್ಲವೇ ಎಂದು ಕೇಳುತ್ತಿದ್ದರು. "ಇದ್ದಾರೆ, ಬಸ್ ಓಡಿಸ್ತಿದ್ದಾರೆ. ಬಸ್ ಕೆಟ್ಟಿದ್ರೆ ಕರೀತೀನಿ, ಫೋನ್ ಕೆಟ್ಟಿದ್ರೆ ನಾನೇ," ಎಂಬ ಉತ್ತರ ಆಗಿನಿಂದ ಬಾಯಿಪಾಠ.

ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಫೋನು. ಒಂದು ಗಾಜಿಗೆ ನಲವತ್ತು ನಿಮಿಷ. ಬಗ್ಗಿ ಬಗ್ಗಿ ಕುತ್ತಿಗೆಯ ಮೂಳೆ ಸವೆದಿದೆ, ಸಂಜೆಯಾದರೆ ಆಕಾಶ ನೋಡಲು ಸೊಂಟವನ್ನೇ ಹಿಂದಕ್ಕೆ ಬಾಗಿಸಬೇಕು. ಬಿಸಿ ತಟ್ಟೆ, ಸ್ಪಿರಿಟ್ಟು ಸೇರಿ ಬೆರಳ ತುದಿಯ ಗೆರೆಗಳೆಲ್ಲ ಅಳಿಸಿಹೋಗಿವೆ. ಊರಿನ ಅರ್ಧ ಫೋನುಗಳಿಗೆ ಅವರವರ ಒಡೆಯರ ಬೆರಳನ್ನು ಪರಿಚಯಿಸಿದ ಈ ಹೆಂಗಸಿನ ಬೆರಳನ್ನು ಅವರ ಸ್ವಂತ ಫೋನೇ ಗುರುತಿಸುವುದಿಲ್ಲ. ಗಾಜಕ್ಕನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಅಮ್ಮನಿಗೆ ಗುರುತೇ ಇಲ್ಲ ಎಂದು ರೇಗಿಸುತ್ತಾಳಂತೆ.

ಒಡೆದ ಗಾಜು ಮಾತಾಡುತ್ತದೆ ಎಂದು ಗಾಜಕ್ಕನಿಗೆ ಹೊಳೆಯಲು ಎಂಟು ವರ್ಷ ಬೇಕಾಯಿತು. ಬರೀ ಕೈಜಾರಿ ಬಿದ್ದ ಫೋನಿನ ಒಂದು ಮೂಲೆ ಜಜ್ಜಿರುತ್ತದೆ, ಬಿರುಕುಗಳೆಲ್ಲ ಆ ಮೂಲೆಯಿಂದ ಹೊರಟು ಬೀಸಣಿಗೆಯಂತೆ ಹರಡಿರುತ್ತವೆ. ಅದಕ್ಕೆ ಒಂದೇ ಗಾಯ. ಎಸೆದ ಫೋನಿಗೆ ಎರಡು: ಗೋಡೆಗೆ ಬಡಿದದ್ದೊಂದು, ಅಲ್ಲಿಂದ ನೆಲಕ್ಕೆ ಬಿದ್ದದ್ದೊಂದು. ಕೈಯಿಂದ ಕಿತ್ತುಕೊಂಡದ್ದಾದರೆ ಚೌಕಟ್ಟು ತುಸು ತಿರುಚಿರುತ್ತದೆ. ಕಾಲಲ್ಲಿ ತುಳಿದಿದ್ದರೆ ಬಿರುಕು ನಟ್ಟನಡುವೆ ಹುಟ್ಟಿ ಜೇಡರ ಬಲೆ ಕಟ್ಟಿರುತ್ತದೆ.

ಈ ಶಾಸ್ತ್ರ ಒಮ್ಮೆ ಕೈಕೊಟ್ಟಿದೆ. ಎರಡು ಗಾಯದ ಫೋನು ತಂದ ಹುಡುಗಿಯ ಜೊತೆಗೊಬ್ಬ ಹುಡುಗ ಬಂದಿದ್ದ. ಗಾಜಕ್ಕ ಅವನನ್ನು ಕೂರಿಸಿಕೊಂಡು ಒಂದು ಗಂಟೆ ಬುದ್ಧಿ ಹೇಳಿದರು. ಅವನು ಕೈಕಟ್ಟಿ ಎಲ್ಲಕ್ಕೂ ಹ್ಞೂಂ ಎಂದ. ಕೊನೆಗೆ ತಿಳಿಯಿತು, ಫೋನು ತಾರಸಿಯಿಂದ ಜಾರಿ ಮೊದಲು ನೀರಿನ ಟ್ಯಾಂಕಿಗೆ ಬಡಿದು ಆಮೇಲೆ ಅಂಗಳಕ್ಕೆ ಬಿದ್ದಿತ್ತು. ಹುಡುಗ ಅವಳ ಸ್ವಂತ ತಮ್ಮ. ಅಜ್ಜಿ ಆ ಪ್ರಸಂಗವನ್ನು ಇವತ್ತಿಗೂ ಹೊಸ ಗಿರಾಕಿಗಳಿಗೆ ಹೇಳಿ ನಗಿಸುತ್ತಾರೆ.

ನಗಲಾಗದ ತಪ್ಪೂ ಒಂದಿದೆ. ಅದನ್ನು ಗಾಜಕ್ಕ ಚಿಮಟ ಕೆಳಗಿಟ್ಟು ಹೇಳುತ್ತಾರೆ. ನಾಲ್ಕು ವರ್ಷದ ಹಿಂದೆ ಒಬ್ಬಳು ಫೋನು ರಿಪೇರಿಗೆ ಕೊಟ್ಟು ಪರೀಕ್ಷೆಗೆ ಹೋಗಿದ್ದಳು. ಮಧ್ಯಾಹ್ನ ಒಬ್ಬ ಹುಡುಗ ಬಂದ. ಅವಳೇ ಕಳಿಸಿದ್ದು, ಕೊಡಿ ಎಂದ. ಲಾಕಿನ ಅಂಕಿಗಳನ್ನು ಪಟಪಟನೆ ಹೇಳಿದ. ಅಂಕಿ ಗೊತ್ತಿದೆ ಎಂದ ಮೇಲೆ ಆಪ್ತನೇ ಇರಬೇಕೆಂದು ಇವರು ಕೊಟ್ಟುಬಿಟ್ಟರು. ಫೋನಿನಲ್ಲಿ ಇದ್ದದ್ದು ಒಬ್ಬ ಸಹಪಾಠಿಯ ಜೊತೆ ನೋಟ್ಸ್ ಬಗ್ಗೆ ಆಡಿದ ಮಾತು, ಅಷ್ಟೇ. ಮರುದಿನ ಹುಡುಗಿ ಬಂದಾಗ ಎಡಗೆನ್ನೆ ಬಾತುಕೊಂಡಿತ್ತು.

"ಬೈಲಿಲ್ಲ, ಅಳಲಿಲ್ಲ. 'ಅಕ್ಕಾ, ಯಾಕೆ ಕೊಟ್ರಿ' ಅಂತ ಕೇಳಿದ್ಲು. ಅಷ್ಟೇ ಕೇಳಿ ಹೋದ್ಲು. ಆಮೇಲೆ ಕಾಲೇಜಿಗೇ ಬರ್ಲಿಲ್ಲ. ಲಾಕ್ ಗೊತ್ತಿರೋದೇ ಪ್ರೀತಿ ಅಂತ ನಾನೂ ಅಂದ್ಕೊಂಡಿದ್ದೆ ನೋಡಿ. ನನ್ನ ವಯಸ್ಸಿಗೇ ಗೊತ್ತಾಗ್ಲಿಲ್ಲ, ಆ ಮಕ್ಕಳಿಗೆ ಹೇಗೆ ಗೊತ್ತಾಗ್ಬೇಕು?"

ಅಂದಿನಿಂದ ಈ ಅಂಗಡಿಗೊಂದು ಕಟ್ಟುಪಾಡು. ತಂದುಕೊಟ್ಟ ಕೈಗೇ ಫೋನು ವಾಪಸ್ಸು. ಅಣ್ಣನಾಗಲಿ, ಗೆಳೆಯನಾಗಲಿ, ಸಾಕ್ಷಾತ್ ಪರಮಾತ್ಮನೇ ಬಂದು ಅಂಕಿ ಹೇಳಲಿ, ಕೊಡುವುದಿಲ್ಲ. ಎರಡು ಗಾಯದ ಫೋನು ತಂದವರನ್ನು ಕೆಲಸ ಮುಗಿದರೂ ಹತ್ತು ನಿಮಿಷ ಹೆಚ್ಚು ಕೂರಿಸುವುದು ರೂಢಿಯಾಯಿತು. ಪ್ರಶ್ನೆಯಿಲ್ಲ, ಚಹಾ ಇದೆ. ಮಾತು ತಾನಾಗಿ ಬಂದರೆ ಎರಡು ಬೀದಿ ಆಚೆಯ ಆರೋಗ್ಯ ಕೇಂದ್ರದ ಕೌನ್ಸೆಲರ್ ಮೇಡಂಗೆ ಸುದ್ದಿ ಹೋಗುತ್ತದೆ. ಆ ಮೇಡಂ ಹೇಳಿದ ಲೆಕ್ಕದಂತೆ ನಾಲ್ಕು ವರ್ಷದಲ್ಲಿ ಈ ಸ್ಟೂಲಿನಿಂದ ಎದ್ದು ಅವರ ಕೋಣೆಗೆ ಬಂದ ಮಕ್ಕಳು ಮೂವತ್ತೊಂದು, ಅದರಲ್ಲಿ ಐದು ಹುಡುಗರು. ಬಾಯಿ ಬಿಡದೆ ಹೋದವರ ಗಾಜನ್ನು ಗಾಜಕ್ಕ ಚೌಕಟ್ಟಿನ ಸಮೇತ ಡಬ್ಬಿಯಲ್ಲಿ ತೆಗೆದಿಟ್ಟಿದ್ದಾರೆ. ಹೆಸರು ಬರೆದಿಲ್ಲ. ಪ್ರಾರ್ಥನೆಯಲ್ಲಿ ಮುಖ ನೆನಪಾದರೆ ಸಾಕಂತೆ.

ಮಧ್ಯಾಹ್ನ ಎರಡು. ಕಾಲೇಜಿನ ಸಭಾಂಗಣದಲ್ಲಿ ನೂರ ಎಂಬತ್ತು ಮಕ್ಕಳು. ಊಟದ ನಂತರದ ತೂಕಡಿಕೆ, ಫ್ಯಾನುಗಳ ಗರಗರ. ಮುಂದಿನ ಸಾಲಿನಲ್ಲಿ ಸೆರಗು ಸರಿಮಾಡಿಕೊಂಡು ಕೂತ ಅಜ್ಜಿ, ಹಿಂದಿನ ಬಾಗಿಲಲ್ಲಿ ಕೈಗಡಿಯಾರ ನೋಡುತ್ತ ನಿಂತ ಪ್ರಿನ್ಸಿಪಾಲರು. ಎಡಗಡೆಯ ಆರನೆಯ ಸಾಲಿನಲ್ಲಿ ಬೆಳಗಿನ ಹುಡುಗಿ; ತೊಡೆಯ ಮೇಲೆ ರಬ್ಬರ್ ಬ್ಯಾಂಡಿನ ಫೋನು. ಗಾಜಕ್ಕ ಮೊದಲು ದಿಂಬಿನಡಿ ಇಟ್ಟು ಚಾರ್ಜ್ ಮಾಡಬಾರದು, ಒದ್ದೆಯಾದರೆ ಅಕ್ಕಿಯಲ್ಲಿ ಹೂಳಬಾರದು ಎನ್ನುತ್ತಾರೆ. ಹಿಂದಿನ ಸಾಲಿನಿಂದ ಯಾರೋ ಉದ್ದಕ್ಕೆ ಆಕಳಿಸುತ್ತಾರೆ.

ಆಗ ಅವರು ಡಬ್ಬಿ ತೆರೆಯುತ್ತಾರೆ. ಇವತ್ತಿಗೆಂದು ಅದಕ್ಕೆ ಕೈಜಾರಿ ಬಿದ್ದ ಗಾಜುಗಳನ್ನೂ ಸೇರಿಸಿ ತಂದಿದ್ದಾರೆ. ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜಿನ ಮೇಲೆ ನಲವತ್ತು ಒಡೆದ ಗಾಜುಗಳನ್ನು ಒಂದೊಂದಾಗಿ ಇಡುತ್ತಾರೆ. ಕಿಟಕಿಯ ಬಿಸಿಲು ಬಿದ್ದು ಮೇಜಿಗೆ ಮೇಜೇ ಮಿನುಗತೊಡಗುತ್ತದೆ. ಇದರಲ್ಲಿ ಇಪ್ಪತ್ತು ಬಿದ್ದವು, ಇಪ್ಪತ್ತು ಎಸೆದವು. ಬೇರೆ ಮಾಡಿ ನೋಡೋಣ, ಎಂಟು ನಿಮಿಷ ಕೊಟ್ಟಿದ್ದೇನೆ ಎನ್ನುತ್ತಾರೆ.

ತೂಕಡಿಕೆ ಎಲ್ಲಿ ಹೋಯಿತೋ. ಹನ್ನೆರಡು ಜನರನ್ನು ಕರೆದರೆ ಐವತ್ತು ಜನ ನುಗ್ಗುತ್ತಾರೆ. ಬೆಂಚಿನ ಮೇಲೆ ಹತ್ತಿದವರು ಅಲ್ಲಿಂದಲೇ ಕೂಗಿ ಹೇಳುತ್ತಾರೆ. ಇದು ಬಿದ್ದದ್ದು, ಮೂಲೆ ನೋಡೋ ಕುರುಡ. ಅದು ಎಸೆದದ್ದು ಕಣೇ, ಎರಡು ಕಡೆ ಜಜ್ಜಿದೆ. ಇದನ್ನ ತುಳಿದಿದಾರೆ, ನಡುವೆ ನೋಡು. ಒಬ್ಬರ ಕೈಯಿಂದ ಇನ್ನೊಬ್ಬರು ಕಿತ್ತುಕೊಂಡು ಬೆಳಕಿಗೆ ಹಿಡಿಯುತ್ತಾರೆ, ವಾದಿಸುತ್ತಾರೆ, ಗೆದ್ದವರು ಚಪ್ಪಾಳೆ ತಟ್ಟುತ್ತಾರೆ. ಅಜ್ಜಿ ಎದ್ದು ನಿಂತು ತಾವೂ ಒಂದನ್ನು ಎತ್ತಿ ತಪ್ಪು ರಾಶಿಗೆ ಹಾಕುತ್ತಾರೆ, ಮಕ್ಕಳು ಅಜ್ಜಿಯನ್ನೇ ತಿದ್ದುತ್ತಾರೆ. ಎಂಟು ನಿಮಿಷ ಮುಗಿದಾಗ ಎರಡು ರಾಶಿ ಸಿದ್ಧ. ಗಾಜಕ್ಕ ಭೂತಗನ್ನಡಿ ಹಾಕಿಕೊಂಡು ನೋಡುತ್ತಾರೆ. ನಲವತ್ತರಲ್ಲಿ ತಪ್ಪು ಎರಡೇ. ಸಭಾಂಗಣದ ತುಂಬ ಕೇಕೆ.

ಗಾಜಕ್ಕ ಅದು ಅಡಗುವವರೆಗೆ ಕಾಯುತ್ತಾರೆ. ಆಮೇಲೆ ಕೇಳುತ್ತಾರೆ:

"ನಾನು ಎಂಟು ವರ್ಷ ಕಣ್ಣಿಗೆ ಗಾಜು ಹಾಕ್ಕೊಂಡು ಕಲಿತದ್ದು ಇದು. ನೀವು ಎಂಟೇ ನಿಮಿಷಕ್ಕೆ ಹೇಳಿಬಿಟ್ರಿ. ನಿಮಗೆ ಇದನ್ನ ಹೇಳಿಕೊಟ್ಟೋರು ಯಾರು?"

ಫ್ಯಾನಿನ ಸದ್ದು ಮತ್ತೆ ಕೇಳತೊಡಗುತ್ತದೆ. ಮೇಜಿನ ಸುತ್ತ ನಿಂತವರು ಕೈಯಲ್ಲಿದ್ದ ಗಾಜುಗಳನ್ನು ಮೆಲ್ಲಗೆ ಕೆಳಗಿಡುತ್ತಾರೆ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಆರನೆಯ ಸಾಲಿನ ಹುಡುಗಿ ತೊಡೆಯ ಮೇಲಿನ ಫೋನನ್ನು ಮಗುಚಿ ಹಾಕುತ್ತಾಳೆ.

ಗಾಜಕ್ಕ ಮುಂದುವರಿಸುತ್ತಾರೆ. ಅಂಗಡಿಗೆ ಬರುವ ಫೋನುಗಳು ಒಂದು ಕ್ರಮದಲ್ಲಿ ಬರುತ್ತವಂತೆ. ಮೊದಲು ಅಂಕಿ ಕೇಳುತ್ತಾರೆ. ಆಮೇಲೆ ಬೆರಳು ಇಡುತ್ತಾರೆ. ಆಮೇಲೆ ಎಲ್ಲಿದ್ದೀಯ, ಯಾರ ಜೊತೆ ಇದ್ದೀಯ, ಫೋಟೋ ಕಳಿಸು ಎನ್ನುತ್ತಾರೆ. ಆಮೇಲೆ ಫೋನು ಗೋಡೆಗೆ. "ಫೋನ್ ಆದ್ಮೇಲೆ ಏನು ಅಂತ ನಾನು ಹೇಳೋ ಹಾಗಿಲ್ಲ. ನಂಗೆ ಫೋನಿನ ಬಗ್ಗೆ ಮಾತ್ರ ಮಾತಾಡೋಕೆ ಹೇಳಿದಾರೆ."

ನೂರ ಎಂಬತ್ತು ತಲೆಗಳು ಒಟ್ಟಿಗೆ ಹಿಂದಿನ ಬಾಗಿಲಿನ ಕಡೆ ತಿರುಗುತ್ತವೆ. ಪ್ರಿನ್ಸಿಪಾಲರು ಗಡಿಯಾರದ ಮೇಲಿದ್ದ ಕಣ್ಣನ್ನು ಎತ್ತುತ್ತಾರೆ.

ಬಲಗಡೆಯಿಂದ ಒಬ್ಬ ಹುಡುಗ ಎದ್ದು ನಿಲ್ಲುತ್ತಾನೆ. ಅವನ ಪ್ರಶ್ನೆ: "ಎಸೆಯೋಕೆ ಮುಂಚೆ ಏನ್ ಮಾಡ್ಬೇಕು ಅಕ್ಕ?"

ಹದಿನಾರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆಯಿದು ಎಂದು ಗಾಜಕ್ಕ ಆಮೇಲೆ ಹೇಳಿದರು. ಆ ಗಳಿಗೆಯಲ್ಲಿ ಮಾತ್ರ ಅವರು ತಡವರಿಸಲಿಲ್ಲ. ಫೋನನ್ನು ಅವಳ ಕೈಗೆ ಕೊಡು, ಇಲ್ಲ ಮೇಜಿನ ಮೇಲಿಡು. ನೀನು ಹೊರಗೆ ನಡಿ. ಉಸಿರು ಕೆಳಗಿಳಿಯುವವರೆಗೆ ನಡಿ, ವಾಪಸ್ ಬರಬೇಡ. ನಾಳೆ ಯಾರಾದರೂ ದೊಡ್ಡವರ ಹತ್ತಿರ ಹೋಗಿ, ಎಸೆಯಬೇಕು ಅನಿಸಿತ್ತು ಎಂದು ಹೇಳು. ಹೇಳಿದರೆ ಮರ್ಯಾದೆ ಹೋಗುವುದಿಲ್ಲ. ಹುಡುಗ ತಲೆಯಾಡಿಸಿ ಕೂರುತ್ತಾನೆ. ಪಕ್ಕದವನು ಗೇಲಿ ಮಾಡಲು ಬಾಯಿ ತೆರೆದು, ಏನನಿಸಿತೋ, ಮುಚ್ಚಿಕೊಳ್ಳುತ್ತಾನೆ.

ಮೂವತ್ತನೆಯ ನಿಮಿಷ ಮುಗಿದಿದೆ. ಪ್ರಿನ್ಸಿಪಾಲರು ಸಾಲುಗಳ ನಡುವೆ ನಡೆದುಬರುತ್ತಾರೆ. ಸಭೆ ಮುಗಿಸಲಿಕ್ಕೇ ಬಂದರೆಂದು ಎಲ್ಲರೂ ಎಣಿಸುವಾಗ, ಎಸೆದ ರಾಶಿಯಿಂದ ಒಂದು ಗಾಜು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ. ಇದರಲ್ಲಿ ನಮ್ಮ ಕಾಲೇಜಿನವು ಎಷ್ಟು ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಹದಿನೇಳು ಎಂದು ಗಾಜಕ್ಕ ಅಷ್ಟೇ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಪ್ರಿನ್ಸಿಪಾಲರು ಆ ಗಾಜನ್ನು ಇಟ್ಟ ರೀತಿ ನೋಡಬೇಕಿತ್ತು, ಮಲಗಿದ ಮಗುವನ್ನು ಇಟ್ಟಂತೆ. ಆಮೇಲೆ ಬಂದ ದಾರಿಯಲ್ಲೇ ಹೊರಟುಹೋಗುತ್ತಾರೆ.

ಅಂಗಡಿಗೆ ಮರಳಿದ ಗಾಜಕ್ಕ ಮೂರೂವರೆಯಿಂದ ಒಂದೇ ಸ್ಕ್ರೂವನ್ನು ಎರಡು ಸಲ ಬಿಚ್ಚಿ ಎರಡು ಸಲ ಹಾಕಿದ್ದಾರೆ. ಅಜ್ಜಿ ಚಹಾ ತರಿಸಿ, ಕುಡಿದು, ಮತ್ತೆ ತರಿಸುತ್ತಾರೆ. ನಾಲ್ಕು ಇಪ್ಪತ್ತಕ್ಕೆ ಮೆಟ್ಟಿಲ ಪಕ್ಕದಲ್ಲಿ ಆ ಹುಡುಗಿ ಕಾಣಿಸುತ್ತಾಳೆ. ಜೊತೆಗೆ ಅವಳ ತರಗತಿಯ ಗೆಳತಿ. ಹುಡುಗ ಇಲ್ಲ. ಅವನು ಐದಕ್ಕೆ ಬರುತ್ತಾನೆ, ಅದಕ್ಕೇ ಬೇಗ ಬಂದೆ ಎನ್ನುತ್ತಾಳೆ.

ಗಾಜಕ್ಕ ರಬ್ಬರ್ ಬ್ಯಾಂಡುಗಳನ್ನು ಬಿಡಿಸುತ್ತಾರೆ. ಅಂಚಿನುದ್ದಕ್ಕೂ ಉಗುರು ಆಡಿಸಿ ನೋಡುತ್ತಾರೆ. ಪರದೆ ಬೆಳಗುತ್ತದೆ. ಬೆರಳು ಕೇಳುವ ಪುಟ ತೆರೆದು, ಎಲ್ಲ ಗಿರಾಕಿಗಳಿಗೂ ಕೇಳುವ ಪ್ರಶ್ನೆಯನ್ನೇ, ಅದೇ ಧಾಟಿಯಲ್ಲಿ ಕೇಳುತ್ತಾರೆ: ಎಷ್ಟು ಬೆರಳು? ಅಜ್ಜಿಯ ಬ್ರಷ್ ನಿಲ್ಲುತ್ತದೆ. ಮೇಲೆ ಮೆಟ್ಟಿಲಲ್ಲಿ ಯಾರೋ ಓಡಿ ಇಳಿಯುತ್ತಿರುವ ಸದ್ದು; ಹುಡುಗಿ ತಿರುಗಿ ನೋಡುತ್ತಾಳೆ, ಬಸ್ಸಿಗೆ ಓಡುವ ಯಾರೋ ಪ್ರಯಾಣಿಕರು.

"ಒಂದೇ ಅಕ್ಕ. ನಂದು."

ಅದರ ಹಿಂದೆಯೇ ಉಳಿದದ್ದೂ ಬರುತ್ತದೆ, ಕಟ್ಟೆ ಒಡೆದಂತೆ. ಮೂರು ಗಾಜಿನಲ್ಲಿ ಒಂದೂ ಕೈಜಾರಿ ಒಡೆದದ್ದಲ್ಲ. ಮೂರನೆಯ ಸಲ ಫೋನು ಗೋಡೆಗೆ ಹೋಗುವ ಮೊದಲು ಅವನು ಅವಳ ಮಣಿಕಟ್ಟು ತಿರುಚಿದ್ದ.

ಗಾಜಕ್ಕ ತಕ್ಷಣ ಬೆರಳು ಇಡಿಸುವುದಿಲ್ಲ. ಬೇಡ ಎಂದ ದಿನವೇ ಹೆಚ್ಚು ಜೋಪಾನವಾಗಿರಬೇಕಾದ ದಿನ ಎಂದು ಕೌನ್ಸೆಲರ್ ಮೇಡಂ ಅವರಿಗೆ ಕಲಿಸಿದ್ದಾರೆ. ಮೊದಲು ಜನ ಸೇರಲಿ, ಫೋನು ಆಮೇಲೆ. ಮೇಡಂ ಎರಡು ಬೀದಿ ದಾಟಿ ಓಡಿಬರುತ್ತಾರೆ. ಮನೆಯಲ್ಲಿ ಯಾರಿಗೆ ಹೇಳಬಹುದೆಂದು ಕೇಳಿದರೆ ಹುಡುಗಿ ಚಿಕ್ಕಮ್ಮನ ಹೆಸರು ಹೇಳುತ್ತಾಳೆ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಚಿಕ್ಕಮ್ಮ ಹನ್ನೆರಡು ನಿಮಿಷದಲ್ಲಿ ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ ಒಳಗೆ ಬರುತ್ತಾರೆ. ಮಣಿಕಟ್ಟು ನೋಡುತ್ತಾರೆ. ಹೆಲ್ಮೆಟ್ಟಿನ ಒಳಗಿನಿಂದ ಬಂದ ಮಾತು ಹೀಗಿತ್ತು: "ಕೈ ಜಾರತ್ತೆ ಜಾರತ್ತೆ ಅಂತಿದ್ದೆ ಅಂತ ನಿಂಗೆ ಕ್ಯಾಲ್ಸಿಯಂ ಮಾತ್ರೆ ತಂದುಕೊಟ್ನಲ್ಲೇ ನಾನು." ಹುಡುಗಿ ನಗುತ್ತಾಳೆ. ನಗುತ್ತಲೇ ಅಳುತ್ತಾಳೆ. ಚಿಕ್ಕಮ್ಮನೂ ಅಷ್ಟೇ, ಹೆಲ್ಮೆಟ್ಟಿನ ಒಳಗೇ.

ಆಮೇಲೆ ಹೆಬ್ಬೆರಳು ಗಾಜಿನ ಮೇಲೆ ಬೀಳುತ್ತದೆ. ಎತ್ತಿ ಇಡಬೇಕು, ಎತ್ತಿ ಇಡಬೇಕು, ಹದಿನಾಲ್ಕು ಸಲ. ಪರದೆಯ ಮೇಲೆ ಗೆರೆಗೆರೆಯಾಗಿ ಅವಳ ಗುರುತು ತುಂಬಿಬರುವುದನ್ನು ಐದು ಹೆಂಗಸರು ಬಗ್ಗಿ ನೋಡುತ್ತಾರೆ.  ಹೆಸರಿಗೆ ಉಳಿದಿದ್ದ ಹಳೆಯ ಗುರುತುಗಳು ಎರಡೂ ಅಳಿಸುತ್ತವೆ, ಲಾಕಿನ ಅಂಕಿಯೂ ಬದಲಾಗುತ್ತದೆ. ಹೊಸದು ಒಂದು ಉಳಿಯುತ್ತದೆ. ಐದಕ್ಕೆ ಇನ್ನೂ ಎಂಟು ನಿಮಿಷವಿದೆ. ಚಿಕ್ಕಮ್ಮನ ಸ್ಕೂಟರಿನ ಹಿಂದೆ ಹುಡುಗಿ ಕೂರುತ್ತಾಳೆ. ಮೇಡಂ ಮತ್ತು ಗೆಳತಿ ಆಟೋ ಹಿಡಿದು ಹಿಂದೆ. ಇದನ್ನೆಲ್ಲ ಪತ್ರಿಕೆಗೆ ಬರೆಯಬಹುದೇ ಎಂದು ಕೇಳಿದಾಗ ಅವಳು ಹೇಳಿದ್ದು ಇಷ್ಟೇ: "ಬರೀರಿ. ಕೈ ಜಾರಿದೋರು ಇನ್ನೂ ಇರ್ತಾರೆ."

ಐದಕ್ಕೆ ಸರಿಯಾಗಿ ಹುಡುಗ ಬರುತ್ತಾನೆ. ಬೇರೆ ಕಾಲೇಜಿನವನು, ಮೀಸೆ ಈಗಷ್ಟೇ ಮೂಡುತ್ತಿದೆ. ಖಾಲಿ ಸ್ಟೂಲು ನೋಡಿ ಅವಳೆಲ್ಲಿ ಎನ್ನುತ್ತಾನೆ. ಫೋನು ತಂದವಳು ತೆಗೆದುಕೊಂಡು ಹೋದಳು ಎನ್ನುತ್ತಾರೆ ಗಾಜಕ್ಕ. ನನ್ನ ಬೆರಳು ಇಡಬೇಕಿತ್ತಲ್ಲ ಎಂದು ಅವನು ದನಿ ಏರಿಸಿದಾಗ ಅಜ್ಜಿ ತಲೆಯೆತ್ತುತ್ತಾರೆ. "ಬೆರಳು ನಿನ್ನ ಹತ್ರಾನೇ ಇದೆಯಲ್ಲಪ್ಪ. ಜೋಪಾನವಾಗಿಟ್ಕೋ."

ಹುಡುಗ ನಿಂತೇ ಇರುತ್ತಾನೆ. ಕೋಪದಲ್ಲಿ ಏನು ಮಾಡಿದೆನೋ ಗೊತ್ತಾಗಲಿಲ್ಲ ಎಂದು ಕೊನೆಗೆ ಗೊಣಗುತ್ತಾನೆ. ಗಾಜಕ್ಕ ಅವನ ಕೈಯಲ್ಲಿದ್ದ ಅವನದೇ ಫೋನನ್ನು ನೋಡುತ್ತಾರೆ. ಅದರ ಮೇಲೆ ಒಂದು ಗೀರೂ ಇಲ್ಲ.

"ಗೊತ್ತಾಗ್ಲಿಲ್ಲ ಅಂತೀಯ. ನಿಂದು ಯಾವತ್ತೂ ಒಡೆದಿಲ್ವಲ್ಲ ಮಗಾ."

ಆ ಮಾತನ್ನು ಅವರು ಗದರಿಸಿ ಹೇಳಲಿಲ್ಲ. ಮೇಡಂ ಬುಧವಾರ ಸಂಜೆ ಹುಡುಗರಿಗೆಂದೇ ಕೂರುತ್ತಾರೆ ಎಂದು ಬರೆದ ಚೀಟಿಯನ್ನು ಮುಂದೆ ಹಿಡಿದರು. ಹುಡುಗ ತನ್ನ ಫೋನನ್ನು ಮೊದಲ ಸಲ ನೋಡುವವನಂತೆ ತಿರುಗಿಸಿ ನೋಡಿದ. ಚೀಟಿಯನ್ನು ಎಸೆಯಲಿಲ್ಲ. ಜೇಬಿಗೆ ಹಾಕಿಕೊಂಡು ಹೋದ. ಬುಧವಾರ ಅವನು ಹೋಗುತ್ತಾನೋ ಇಲ್ಲವೋ ಅದು ಭಗವಂತನಿಗೆ ಗೊತ್ತು.

ಆರು ಗಂಟೆಗೆ ಗಾಜಕ್ಕನ ಫೋನು ಸದ್ದು ಮಾಡುತ್ತದೆ. ಬೆರಳು ಹಿಡಿಯದ ಫೋನು, ಅಂಕಿ ಒತ್ತಿ ತೆರೆಯಬೇಕು. ಪ್ರಿನ್ಸಿಪಾಲರ ಸಂದೇಶ. ಮುಂದಿನ ಶನಿವಾರ ಎರಡನೆಯ ವರ್ಷದವರಿಗೆ, ಅದರ ಮುಂದಿನ ಶನಿವಾರ ಅಧ್ಯಾಪಕರಿಗೆ, ಸಮಯ ಒಂದು ಗಂಟೆ. ಕೆಳಗೆ ಇನ್ನೊಂದು ಸಾಲು: ಆ ಪದವನ್ನೂ ಬಳಸಬಹುದು.

ಗಾಜಕ್ಕ ಅದನ್ನು ಅತ್ತೆಗೆ ಎರಡು ಸಲ ಓದಿ ಹೇಳುತ್ತಾರೆ. ಗಂಡನ ಬಸ್ಸು ಕೊನೆಯ ಸುತ್ತು ಮುಗಿಸಿ ನಿಲ್ದಾಣಕ್ಕೆ ಬರುತ್ತಿದ್ದಂತೆ ಅಲ್ಲಿಗೇ ಓಡಿ ಕಿಟಕಿಯಲ್ಲಿ ಮೂರನೆಯ ಸಲ ಓದುತ್ತಾರೆ. ಮರಳಿ ಬಂದು ಕೂತಾಗ ಮುಖದಲ್ಲಿ ಹದಿನೇಳರ ಹುಡುಗಿಯರ ಬೆಳಕು. ಇನ್ನೇನು ಬೇಕೆಂದು ಕೇಳಿದರೆ ಮೇಜಿನ ಮೇಲಿನ ಗಾಜಿನ ಪುಡಿಯನ್ನು ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆಯುತ್ತ ಹೇಳುತ್ತಾರೆ:

"ಗಾಜು ಒಡೀಲೇಬಾರ್ದು ಅಂತ ನಾನು ದೇವರನ್ನ ಕೇಳಲ್ಲ. ನಮ್ಮನೆ ಒಲೆನೂ ಉರೀಬೇಕಲ್ಲ. ಒಡೀಲಿ, ದಿನಾ ಒಡೀಲಿ. ನಗ್ತಾ ನಗ್ತಾ ಓಡೋವಾಗ ಜೇಬಿಂದ ಬಿದ್ದು ಒಡೀಲಿ."